ಬೀಗದಕ್ಕ ಬರೆದ ಕಾದಂಬರಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬೀಗದಕ್ಕ ಎಂದು. ಗಂಡ ತೀರಿಕೊಂಡಾಗ ಅವನ ಅಂಗಡಿಯನ್ನು ಮೈದುನನಿಗೆ ಬಿಟ್ಟುಕೊಟ್ಟು ಮನೆ ಸೇರುತ್ತಾಳೆ ಎಂದೇ ಎಲ್ಲರ ಲೆಕ್ಕಾಚಾರವಿತ್ತು. ತಿಂಗಳು ತುಂಬುವುದರೊಳಗೆ ಅವಳೇ ಷಟರ್ ಎತ್ತಿ, ಕೀ ಕತ್ತರಿಸುವ ಮಿಷನ್ನಿಗೆ ಎಣ್ಣೆ ಬಿಟ್ಟು ಕೂತಳು. ಹತ್ತಡಿ ಉದ್ದ, ಆರಡಿ ಅಗಲದ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಮೂಡದ ಖಾಲಿ ಕೀಗಳು. ಇಪ್ಪತ್ತು ವರ್ಷ ಗಂಡನ ಪಕ್ಕ ಕೂತು ಕೀ ಉಜ್ಜುವ ಅರ ಹಿಡಿದವಳಿಗೆ ಕೆಲಸವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊದಮೊದಲು ಬಂದ ಗಿರಾಕಿಗಳು "ಯಜಮಾನರು ಇಲ್ವಾ?" ಎಂದು ಅವಳ ಹಿಂದೆ ಇಣುಕುತ್ತಿದ್ದರು. ಆರು ತಿಂಗಳಿಗೆ ಅದೂ ನಿಂತಿತು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೀದಿಯಲ್ಲಿ ನೊಣ ಹೊಡೆಯುವ ಹೊತ್ತು. ಆ ಹೊತ್ತಿನಲ್ಲಿ ಅವಳು ಬರೆಯುತ್ತಿದ್ದಳು. ಗೆರೆ ಹಾಕಿದ ನೋಟ್‌ಬುಕ್ಕು, ನೀಲಿ ಪೆನ್ನು. ಎರಡು ವರ್ಷದಲ್ಲಿ ಐದು ನೋಟ್‌ಬುಕ್ ತುಂಬಿದವು. ಅದೊಂದು ಪತ್ತೇದಾರಿ ಕಾದಂಬರಿ. ಗಂಡನೊಬ್ಬ ಕೆಲಸಕ್ಕೆ ಹೋಗುವಾಗಲೆಲ್ಲ ಹೆಂಡತಿಯನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾನೆ. ಬೀಗಕ್ಕೆ ಇರುವುದು ಮೂರೇ ಕೀ. ಮೂರೂ ಅವನ ಜೇಬಿನಲ್ಲಿ. ಕಿಟಕಿಗಳಿಗೆಲ್ಲ ಸರಳು. ಒಂದು ಸಂಜೆ ಬಂದು ಬಾಗಿಲು ತೆಗೆದರೆ ಹೆಂಡತಿ ಇಲ್ಲ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಆ ಬೀಗ ಕೂರಿಸಿದ್ದ ಕೆಲಸಗಾರನನ್ನು ಪೊಲೀಸರು ಕರೆಸುತ್ತಾರೆ. ಅವನ ಕಣ್ಣಿನಲ್ಲೇ ಕಥೆ ಸಾಗುತ್ತದೆ. ಕೊನೆಯ ಪುಟದವರೆಗೂ ಅವಳು ಹೇಗೆ ಹೋದಳೆಂದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಪ್ರಕಾಶನ ಸಂಸ್ಥೆಯೊಂದಕ್ಕೆ ಕಳಿಸಿದಳು. ನಾಲ್ಕು ತಿಂಗಳಾದ ಮೇಲೆ ಫೋನ್ ಬಂತು. ಬೀಗದಕ್ಕ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದಳು.

ಮೂರನೇ ಮಹಡಿ. ಪುಸ್ತಕದ ಕಟ್ಟುಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ಸಂಪಾದಕಿ. ಮೂವತ್ತೈದರ ಆಸುಪಾಸಿನವಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು.

"ತಲೆ ಮೇಲಿದೆ ಮೇಡಂ," ಎಂದಳು ಬೀಗದಕ್ಕ.

"ನೋಡಿ, ಪತ್ತೇದಾರಿ ಬರೆಯೋರ ಕಣ್ಣು ಅಂದ್ರೆ ಇದು!" ಸಂಪಾದಕಿ ನಕ್ಕು ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ನಿಮ್ಮ ಕಾದಂಬರಿ ಶುರು ಮಾಡಿದವಳು ಊಟಕ್ಕೆ ಎದ್ದಿಲ್ಲ. ಆ ಬೀಗದವನಿದ್ದಾನಲ್ಲ, ಗಂಡಸಿನ ಮನಸ್ಸನ್ನ ಎಷ್ಟು ಚೆನ್ನಾಗಿ ಹಿಡಿದಿದ್ದೀರಿ! ನಮ್ಮ ಮಾಲೀಕರು ಓದಿ, ಇದನ್ನ ಹೆಂಗಸು ಬರೆದಿರೋಕೆ ಸಾಧ್ಯವೇ ಇಲ್ಲ ಅಂದ್ರು. ಗಂಡಸಿನ ಹೆಸರಲ್ಲಿ ಹಾಕೋಣ್ವಾ ಅಂತ ಕೇಳೋಕೆ ಹೇಳಿದ್ದಾರೆ."

"ಅಂಗಡಿ ಬೋರ್ಡಿನಲ್ಲಿ ಗಂಡನ ಹೆಸರಿದೆ. ಇದರಲ್ಲಾದ್ರೂ ನಂದಿರಲಿ ಮೇಡಂ."

"ಇರಲಿ, ನಾನೂ ಅದನ್ನೇ ಹೇಳ್ತೀನಿ." ಸಂಪಾದಕಿ ಮುಂದಕ್ಕೆ ಬಾಗಿದಳು. "ಎರಡು ಮಾತಿದೆ. ಬೇಜಾರು ಮಾಡ್ಕೋಬೇಡಿ. ಒಂದು, ಅವಳು ಹೇಗೆ ಹೋದಳು ಅಂತ ಹೇಳಲೇಬೇಕು. ಹೇಳದೆ ಮುಗಿಸಿದ್ರೆ ಓದುಗರು ನಮ್ಮನ್ನ ಹುಡುಕ್ಕೊಂಡು ಬಂದು ಹೊಡೀತಾರೆ. ಎರಡನೇದು..." ಸ್ವಲ್ಪ ತಡವರಿಸಿದಳು. "ಕಥೆಯಲ್ಲಿ ಹೆಣ್ತನ ಇಲ್ಲ."

"ಹಂಗಂದ್ರೆ?"

"ಆ ಹೆಂಗಸು ಅಳೋದಿಲ್ಲ, ಕನ್ನಡಿ ನೋಡ್ಕೊಳ್ಳೋದಿಲ್ಲ, ಒಂದು ಕನಸೂ ಕಾಣೋದಿಲ್ಲ. ಇಡೀ ಪುಸ್ತಕದಲ್ಲಿ ಒಂದೇ ಒಂದು ಮಾತಾಡ್ತಾಳೆ. ಹೆಣ್ಣಿನ ಮನಸ್ಸು ನಿಗೂಢ ಅಂತಾರೆ, ಅದನ್ನ ನೀವು ತೆರೆದು ತೋರಿಸಬೇಕಲ್ವಾ? ನೀವೇ ಹೆಂಗಸಾಗಿ?"

"ನಿಗೂಢ ಏನಿದೆ ಮೇಡಂ. ಬೀಗ ಹಾಕಿತ್ತು, ಹೋಗಬೇಕಿತ್ತು, ಹೋದಳು."

ಸಂಪಾದಕಿ ಜೋರಾಗಿ ನಕ್ಕಳು. ಆದರೆ ಬಿಡಲಿಲ್ಲ. ಎರಡು ತಿಂಗಳು ಸಮಯ ಕೊಟ್ಟು, ಕೊನೆಯ ಅಧ್ಯಾಯ ಹೊಸದಾಗಿ ಬರೆದುಕೊಡಿ ಎಂದು ಕಳಿಸಿದಳು.

ಮನೆಯಲ್ಲಿ ಇದ್ದವರು ಇಬ್ಬರೇ: ಬೀಗದಕ್ಕ, ಅವಳ ಅತ್ತೆ. ಅತ್ತೆಗೆ ಎಪ್ಪತ್ತೆಂಟು. ಕಣ್ಣು ಮಂದ, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತಿಗೂ ಚುರುಕು. ಕಾದಂಬರಿಯ ವಿಷಯ ಅಲ್ಲಿಯವರೆಗೆ ಅತ್ತೆಗೆ ಗೊತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಮುದುಕಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಗ, ಬೀಗದಕ್ಕ ನೋಟ್‌ಬುಕ್ ತಂದು ಎದುರು ಕೂತಳು.

"ಅತ್ತೆ, ಹೆಣ್ತನ ಅಂದ್ರೇನು?"

"ಬೆಳಿಗ್ಗೆ ಬೆಳಿಗ್ಗೆ ಏನು ಬಂತೇ ನಿನಗೆ? ನಲವತ್ತೆಂಟು ವರ್ಷಕ್ಕೆ ಈಗ ಅನುಮಾನ ಶುರುವಾಯ್ತಾ?"

ಬೀಗದಕ್ಕ ನಡೆದದ್ದನ್ನು ಹೇಳಿದಳು. ಮುದುಕಿ ಬಾಯಿ ಬಿಟ್ಟು ಕೇಳಿ, "ಓದು ಮತ್ತೆ, ಯಾಕೆ ಕೂತಿದ್ದೀಯ," ಎಂದಳು. ಬೀಗದಕ್ಕ ಮೂರು ಭಾನುವಾರ ಓದಿದಳು. ಮುದುಕಿ ನಡುನಡುವೆ "ಥೂ ಪಾಪಿ" ಎಂದು ಆ ಗಂಡನನ್ನು ಬೈಯುವುದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಕೊನೆಯ ಪುಟ ಮುಗಿದಾಗ ಮಡಿಲಲ್ಲಿ ಬಿದ್ದಿದ್ದ ಸಿಪ್ಪೆಯನ್ನು ಕೊಡವಿ, "ಬೀಗದವಳೇ ಕೀ ಕೊಟ್ಟಿದ್ದಾಳೆ ಬಿಡು. ಇದಕ್ಕೆ ಪೊಲೀಸ್ ಬೇರೆ ಬೇಕಾ?" ಎಂದಳು.

ಬೀಗದಕ್ಕ ತಟ್ಟನೆ ತಿದ್ದಿದಳು: "ಬೀಗದವನು ಅತ್ತೆ. ಗಂಡಸು."

"ಯಾವ ಸೀಮೆ ಗಂಡಸೇ ಅವನು? ಬೀಗ ಕೂರಿಸಿ ಕೆಳಗೆ ಬಿದ್ದ ಮರದ ಪುಡೀನ ಗುಡಿಸಿ ಬರ್ತಾನೆ. ನೀರು ಕುಡಿದ ಲೋಟ ತೊಳೆದಿಡ್ತಾನೆ. ನೀರು ಕೊಟ್ಟವಳ ಉಗುರು ಕಚ್ಚಿ ಕಚ್ಚಿ ಗಾಯ ಆಗಿದ್ದು ಅವನ ಕಣ್ಣಿಗೆ ಬೀಳುತ್ತೆ. ನಾನು ಇಬ್ಬರು ಗಂಡುಮಕ್ಕಳನ್ನ ಹೆತ್ತವಳು ಕಣೇ, ಇಬ್ಬರೂ ಬೀಗದವರೇ. ಒಂದು ದಿನಕ್ಕಾದ್ರೂ ಮರದ ಪುಡಿ ಗುಡಿಸಿದ್ದು ಕಾಣೆ. ಪ್ಯಾಂಟು ಹಾಕಿಸಿದ ಮಾತ್ರಕ್ಕೆ ನೀನು ಗಂಡಸಾಗಿಬಿಡ್ತೀಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎನ್ನುವಂತೆ ಬೀಗದಕ್ಕನ ಕೈ ತಾನಾಗಿ ನೋಟ್‌ಬುಕ್ಕನ್ನು ಮುಚ್ಚಿತ್ತು. ಮುದುಕಿ ಮಂಜುಗಣ್ಣಿನಲ್ಲೇ ಅವಳನ್ನು ನೋಡಿದಳು.

"ನಿಜವಾಗಿ ನಡೆದದ್ದಾ?"

"ಹೂಂ ಅತ್ತೆ."

ಅದು ಎಂಟು ವರ್ಷದ ಹಿಂದಿನ ಮಾತು, ಅಂಗಡಿಯನ್ನು ಅವಳು ವಹಿಸಿಕೊಂಡ ಮೊದಲ ವರ್ಷ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಒಬ್ಬಾತ ಮನೆಗೆ ಹೊಸ ಬೀಗ ಕೂರಿಸಲು ಕರೆದಿದ್ದ. ಬಾಗಿಲಿನ ಮರದೊಳಗೇ ಕೂರುವ ಏಳು ಲೀವರಿನ ಬೀಗ. ಒಳಗಿನಿಂದಾದರೂ ಹೊರಗಿನಿಂದಾದರೂ ಕೀ ಇಲ್ಲದೆ ತೆರೆಯದು. ಜೊತೆಗೆ ಬಂದ ಮೂರು ಕೀಯನ್ನೂ ಅವನು ಎಣಿಸಿ ಜೇಬಿಗೆ ಹಾಕಿಕೊಂಡ. ಅವನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವನ ಹೆಂಡತಿ ನೀರು ತಂದುಕೊಟ್ಟಳು. ಗಿಡ್ಡ ಕೂದಲಿನ ಹೆಂಗಸು. ಲೋಟ ಕೊಡುತ್ತ ದನಿ ತಗ್ಗಿಸಿ, "ಇದನ್ನ ಒಳಗಿಂದ ತೆಗೆಯೋಕೆ ಬರುತ್ತಾ?" ಎಂದು ಕೇಳಿದಳು. "ಇಲ್ಲಮ್ಮ, ಕೀ ಇಲ್ಲದೆ ಬರಲ್ಲ," ಎಂದು ಬೀಗದಕ್ಕ ಹೇಳಿದಳು. ಹೆಂಗಸು ತಲೆಯಾಡಿಸಿ ಒಳಗೆ ಹೋದಳು. ಅಷ್ಟೇ.

ಆ ಉತ್ತರ ಬೀಗದಕ್ಕನಿಗೆ ಎಂಟು ದಿನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಕೀಯ ಮೇಲೆ ಒತ್ತಿದ್ದ ನಂಬರು ನೆನಪಿತ್ತು. ಕಸುಬಿನವರಿಗೆ ಅದು ಮರೆಯುವುದಿಲ್ಲ; ಅದೊಂದಿದ್ದರೆ ಕೀಯ ಹಲ್ಲುಗಳ ಅಳತೆ ಸಿಕ್ಕ ಹಾಗೆಯೇ. ಒಂಬತ್ತನೆಯ ದಿನ ಅಂಗಡಿ ತೆರೆದವಳೇ ಮಿಷನ್ ಮೇಲೆ ನಾಲ್ಕನೆಯ ಕೀ ಕತ್ತರಿಸಿ, ಅರ ಹಿಡಿದು ಅಂಚು ಸವರಿ, ಹನ್ನೊಂದು ಗಂಟೆಗೆ ಆ ಮನೆಯ ಮುಂದೆ ಹೋಗಿ ನಿಂತಳು. ಬಾಗಿಲು ತಟ್ಟಲಿಲ್ಲ. ಬಗ್ಗಿ, ಬಾಗಿಲ ಕೆಳಗಿನ ಸಂದಿನಲ್ಲಿ ಕೀಯನ್ನು ಒಳಕ್ಕೆ ತಳ್ಳಿದಳು. ಒಳಗೆ ಹೆಜ್ಜೆ ಸಪ್ಪಳ ಹತ್ತಿರ ಬಂತು, ನಿಂತಿತು. ನೆಲಕ್ಕೆ ಉಜ್ಜಿದ ಸಣ್ಣ ಸದ್ದಾಯಿತು, ಕೀ ಮಾಯವಾಯಿತು. ಬೀಗದಕ್ಕ ತಿರುಗಿ ನೋಡದೆ ಬಂದುಬಿಟ್ಟಳು.

ಎರಡು ದಿನಕ್ಕೆ ಆ ಹೆಂಗಸು ಇರಲಿಲ್ಲ. ಹೋಗುವಾಗ ಬೀಗ ಹಾಕಿಕೊಂಡೇ ಹೋಗಿದ್ದಳು. ಪೊಲೀಸರು ಬೀಗದಕ್ಕನನ್ನು ಕರೆಸಿ, ಈ ಬೀಗಕ್ಕೆ ಎಷ್ಟು ಕೀ ಬರುತ್ತವೆ ಎಂದು ಕೇಳಿದರು. ಮೂರು ಎಂದಳು. ಅದು ಸುಳ್ಳಲ್ಲ. ನಾಲ್ಕು ತಿಂಗಳು ಅವರ ಬೀದಿಯವರು ಆ ಗಂಡನನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡಿದರು; ಪೊಲೀಸರು ಅವನ ಹಿತ್ತಲನ್ನೂ ಅಗೆದು ನೋಡಿದರು. ಆ ನಾಲ್ಕು ತಿಂಗಳು ಬೀಗದಕ್ಕನಿಗೂ ಅನ್ನ ಸೇರಲಿಲ್ಲ. ಎರಡು ಸಲ ಠಾಣೆಯ ಮೆಟ್ಟಿಲವರೆಗೆ ಹೋಗಿ ವಾಪಸು ಬಂದಳು. ಕೊನೆಗೆ ದೂರದ ಯಾವುದೋ ಊರಿನ ಠಾಣೆಗೆ ಆ ಹೆಂಗಸು ತಾನಾಗಿ ಹೋಗಿ, ನನ್ನಿಷ್ಟದಿಂದ ಬಂದಿದ್ದೇನೆ, ಹುಡುಕಬೇಡಿ ಎಂದು ಬರೆದುಕೊಟ್ಟಳಂತೆ. ಹೇಗೆ ಹೊರಗೆ ಬಂದೆ ಎಂದು ಕೇಳಿದ್ದಕ್ಕೆ "ಬಾಗಿಲಿಂದ" ಎಂದಳಂತೆ.

ಎಲ್ಲವನ್ನೂ ಕೇಳಿದ ಮುದುಕಿ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ನನಗೆ ಗೊತ್ತಾಗಿದ್ದು ಬೇರೆಯವರಿಗೂ ಗೊತ್ತಾಗುತ್ತೆ. ಕಸುಬಿನ ಮೇಲೆ ಮಣ್ಣು ಬೀಳುತ್ತೆ. ಬೇರೆ ಏನಾದ್ರೂ ಬರಿ."

ಬೀಗದಕ್ಕ ಬರೆದಳು. ಮರದ ಪುಡಿಯನ್ನು ತೆಗೆದಳು, ತೊಳೆದಿಟ್ಟ ಲೋಟವನ್ನು ತೆಗೆದಳು. ಬೀಗದವನ ಬಾಯಿಗೆ ಒಂದು ಬೀಡಿ ಇಟ್ಟಳು. ಕೊನೆಯ ಅಧ್ಯಾಯದಲ್ಲಿ ಆ ಹೆಂಗಸು ಕನ್ನಡಿಯ ಮುಂದೆ ನಿಂತು ಕಣ್ಣೀರು ಹಾಕಿ, ತನ್ನ ಉದ್ದ ಜಡೆಯಿಂದ ಹೇರ್‌ಪಿನ್ ತೆಗೆದು, ಅದನ್ನು ಬಗ್ಗಿಸಿ ಬೀಗ ತೆರೆದು ಹೊರಟುಹೋಗುವ ಹಾಗೆ ಮಾಡಿದಳು. ಬರೆಯುವಾಗ ಅವಳಿಗೇ ನಾಚಿಕೆಯಾಯಿತು. ಏಳು ಲೀವರಿನ ಬೀಗ ಹೇರ್‌ಪಿನ್ನಿಗೆ ಬಗ್ಗುವುದಾದರೆ ತಾನು ಅಂಗಡಿ ಮುಚ್ಚಿ ಹೇರ್‌ಪಿನ್ ಮಾರಬಹುದಿತ್ತು.

ಸಂಪಾದಕಿ ಫೋನಿನಲ್ಲೇ ಕುಣಿದಳು. "ಇದೇ ನಾನು ಹೇಳಿದ ಹೆಣ್ತನ! ಹೇರ್‌ಪಿನ್! ಇದು ಗಂಡಸಿಗೆ ಹೊಳೀತಿತ್ತಾ ಹೇಳಿ?"

ಪುಸ್ತಕ ಬಂತು, ತಕ್ಕಮಟ್ಟಿಗೆ ಓಡಿತು. ಓದಿದ ಹೆಂಗಸರು ಒಂದಿಬ್ಬರು ಅಂಗಡಿಗೆ ಬಂದು ಮುಖ ನೋಡಿ ಹೋದರು. ಮೈದುನ ಓದಿ ಓಡಿಬಂದ. ಊರಿನ ಇನ್ನೊಂದು ತುದಿಯಲ್ಲಿ ಅವನದೂ ಬೀಗದ ಅಂಗಡಿ.

"ಅತ್ತಿಗೆ, ಏನಿದು? ನಮ್ಮಣ್ಣ ಇದ್ದಿದ್ರೆ ಅತ್ತುಬಿಡ್ತಿದ್ದ. ಅಂಥ ಬೀಗಕ್ಕೆ ಹೇರ್‌ಪಿನ್ನಾ?"

"ಕಥೆ ಅಲ್ವೇನಪ್ಪ."

"ಕಥೆ ಆದ್ರೇನು, ಕಸುಬು ಸುಳ್ಳಾಗುತ್ತಾ? ಬೀಗದವರ ಸಂಘದಲ್ಲಿ ಎಲ್ಲಾ ನನ್ನನ್ನ ನೋಡಿ ನಗ್ತಿದ್ದಾರೆ. ನಿಮ್ಮತ್ತಿಗೆ ಅಂಗಡೀಲಿ ಕ್ಲಿಪ್ಪು, ರಿಬ್ಬನ್ನೂ ಸಿಗುತ್ತಾ ಅಂತ ಕೇಳ್ತಾರೆ."

ನಗುವವರು ನಗಲಿ ಎಂದು ಅವಳು ಸುಮ್ಮನಿದ್ದಳು. ಸುಳ್ಳು ಕೆಲಸ ಮಾಡುತ್ತಿದೆ ಎನ್ನುವ ಸಮಾಧಾನವಿತ್ತು. ಆ ಸಮಾಧಾನ ಒಂದು ಗುರುವಾರ ಮಧ್ಯಾಹ್ನದವರೆಗೆ ಉಳಿಯಿತು.

ಆ ಹೊತ್ತಿಗೆ ಅಂಗಡಿಯೊಳಗೆ ಅತ್ತೆಯೂ ಇದ್ದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದು ಒಳಗಿನ ಸ್ಟೂಲಿನ ಮೇಲೆ ಕೂತಿದ್ದಳು. ಬಂದವನನ್ನು ಬೀಗದಕ್ಕ ಮೊದಲು ಗುರುತು ಹಿಡಿಯಲಿಲ್ಲ. ಕೂದಲೆಲ್ಲ ಹಣ್ಣಾಗಿತ್ತು, ಭುಜ ಜೋತಿತ್ತು. ಅವನು ಕೌಂಟರ್ ಮೇಲೆ ಪುಸ್ತಕವನ್ನಿಟ್ಟ. ಆಮೇಲೆ ಒಂದು ಪ್ಲಾಸ್ಟಿಕ್ ಚೀಲವನ್ನು ಬೋರಲು ಹಾಕಿದ. ಬಗ್ಗಿದ, ಮುರಿದ, ಸೊಟ್ಟಗಾದ ಹೇರ್‌ಪಿನ್‌ಗಳು ಕೌಂಟರ್ ತುಂಬ ಹರಡಿಕೊಂಡವು. ನೂರಕ್ಕೆ ಕಡಿಮೆಯಿಲ್ಲ.

"ಪುಸ್ತಕದಲ್ಲಿ ಇರೋ ಹಾಗೇ ಮಾಡಿ ನೋಡಿದೆ," ಎಂದ ಅವನು. "ಹದಿನೈದು ದಿನದಿಂದ. ಆಗಲ್ಲ."

"ಆಗಲ್ಲ ಸಾರ್."

"ಅವಳು ಹೇರ್‌ಪಿನ್ ಹಾಕ್ತಾನೇ ಇರಲಿಲ್ಲ. ಕೂದಲು ಇಷ್ಟೇ ಇತ್ತು." ಕಿವಿಯ ಕೆಳಗೆ ಕೈ ಹಿಡಿದು ತೋರಿಸಿದ. "ಇದು ನಮ್ಮ ಮನೆ ಕಥೆ ಅಂತ ಮೊದಲ ಪುಟದಲ್ಲೇ ಗೊತ್ತಾಯ್ತು. ಬೀಗ ಕೂರಿಸಿದ್ದು ನೀವೇ ಅಲ್ವಾ? ನಾನು ಜಗಳಕ್ಕೆ ಬಂದಿಲ್ಲ. ಅವಳೆಲ್ಲಿದ್ದಾಳೆ ಅಂತಾನೂ ಕೇಳಲ್ಲ. ಹೇಗೆ ಹೋದಳು, ಅಷ್ಟು ಹೇಳಿ. ಎಂಟು ವರ್ಷದ ಮೇಲಾಯ್ತು. ದಿನಾ ಆಫೀಸಿಂದ ಬಂದು ಬಾಗಿಲ ಮುಂದೆ ನಿಂತಾಗ ಅದೇ ಯೋಚನೆ. ಬೀಗ ಹಾಕೋದು ಮರೆತಿದ್ನಾ? ಹಾಕಿದ್ದೆ. ಮೂರು ಕೀಯೂ ಇತ್ತು. ನನಗೇ ತಲೆ ಕೆಟ್ಟಿದೆಯಾ ಅನ್ನಿಸಿಬಿಡುತ್ತೆ."

ಒಳಗಿನಿಂದ ಅತ್ತೆ ಕೆಮ್ಮಿದಳು, ಸುಮ್ಮನಿರು ಎನ್ನುವ ಕೆಮ್ಮು. ಸುಮ್ಮನಿರಬಹುದಿತ್ತು. ಕಥೆ ಸಾರ್, ಊಹೆ ಸಾರ್ ಎಂದರೆ ಅವನು ಹೋಗಿಬಿಡುತ್ತಿದ್ದ. ಬೀಗದಕ್ಕ ಆ ಸೊಟ್ಟ ಪಿನ್ನುಗಳನ್ನು ನೋಡಿದಳು. ಅವನ ಹಿತ್ತಲನ್ನು ಅಗೆದಾಗ ತಾನು ಬಾಯಿ ಬಿಡದೆ ಕೂತದ್ದು ನೆನಪಾಯಿತು. ಅದಕ್ಕೆ ಅವಳಲ್ಲಿ ಯಾವ ಸಮರ್ಥನೆಯೂ ಇರಲಿಲ್ಲ. ತಾನು ಬರೆದ ಸುಳ್ಳನ್ನು ನಂಬಿ ಒಬ್ಬ ಮನುಷ್ಯ ಹದಿನೈದು ದಿನ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ ಎನ್ನುವುದನ್ನೂ ತಡೆಯಲಾಗಲಿಲ್ಲ.

"ನಾನು ಕೀ ಮಾಡಿಕೊಟ್ಟೆ," ಎಂದಳು. "ನಾಲ್ಕನೇದು. ಬಾಗಿಲ ಕೆಳಗಿಂದ ತಳ್ಳಿದೆ."

ಅವನು ಕೌಂಟರ್ ಮೇಲೆ ಬಾಗಿದ. "ಅವಳು ಕೇಳಿದಳಾ?"

"ಇಲ್ಲ. ಒಳಗಿಂದ ತೆಗೆಯೋಕೆ ಬರುತ್ತಾ ಅಂತ ಕೇಳಿದ್ರು. ಅಷ್ಟೇ."

"ಅಷ್ಟಕ್ಕೇ ಕೊಟ್ರಾ?"

"ಅಷ್ಟಕ್ಕೇ ಕೊಟ್ಟೆ. ನಿಮ್ಮ ಮೇಲೆ ಅಪವಾದ ಬಂದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದು ನನ್ನ ತಪ್ಪು. ಕೀ ಕೊಟ್ಟಿದ್ದು ತಪ್ಪು ಅಂತ ಮಾತ್ರ ಅನ್ನಿಸಿಲ್ಲ ಸಾರ್, ಸುಳ್ಳು ಯಾಕೆ ಹೇಳಲಿ."

ಅವನ ಮುಖ ಕೆಂಪಾಯಿತು. "ನನ್ನ ಮನೆ, ನನ್ನ ಬೀಗ," ಎಂದು ಶುರು ಮಾಡಿದವನು ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು.

"ಒಂದು ಮಾತು ಕೇಳ್ಲಾ ಅಪ್ಪ? ಅವಳು ಹೇಗೆ ಹೋದಳು ಅಂತ ಇಷ್ಟು ವರ್ಷ ತಲೆ ಚಚ್ಚಿಕೊಂಡ್ಯಲ್ಲ, ಬೀಗ ಯಾಕೆ ಹಾಕ್ತಿದ್ದೆ?"

"ಭಯ," ಎಂದ ಅವನು. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾದ ಹಾಗಿತ್ತು. "ಹೋಗಿಬಿಡ್ತಾಳೆ ಅಂತ."

ಅವನು ಹೇರ್‌ಪಿನ್‌ಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡ, ಅರ್ಧಕ್ಕೇ ನಿಲ್ಲಿಸಿದ. ಪುಸ್ತಕವನ್ನು ತೆಗೆದುಕೊಂಡು ಬೀದಿಗೆ ಇಳಿದುಹೋದ.

ಜಗಳಕ್ಕೆ ಬಂದಿಲ್ಲ ಎಂದಿದ್ದರೂ ಮರುದಿನ ಅವನು ಸುಮ್ಮನೆ ಕೂರಲಿಲ್ಲ. ಠಾಣೆಗೆ ಹೋಗಿ ದೂರು ಕೊಟ್ಟ, ಬೀಗದವರ ಸಂಘಕ್ಕೂ ಬರೆದ. ಠಾಣೆಯಲ್ಲಿ ಬೀಗದಕ್ಕ ಇದ್ದದ್ದನ್ನು ಇದ್ದ ಹಾಗೆ ಬರೆಸಿ ಸಹಿ ಹಾಕಿದಳು. ಅಧಿಕಾರಿ ಎರಡು ಸಲ ಓದಿ, ತಾನಾಗಿ ಮನೆ ಬಿಟ್ಟವಳ ವಿಷಯದಲ್ಲಿ ಈಗ ಮಾಡುವುದೇನಿದೆ ಎಂದು ಅವಳನ್ನು ಗದರಿಸಿ ಕಳಿಸಿದ. ಸಂಘ ಅಷ್ಟು ಸುಲಭವಾಗಿ ಬಿಡಲಿಲ್ಲ. ಬೀಗ ಕೂರಿಸಿದವರೇ ಕದ್ದು ಕೀ ಮಾಡಿಕೊಟ್ಟರೆ ನಮ್ಮನ್ನು ಯಾರು ನಂಬುತ್ತಾರೆ ಎಂದು ಒಂದು ವರ್ಷ ಅವಳ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಿತು. ಆ ಮಾತಿನಲ್ಲಿ ನ್ಯಾಯವಿದೆ ಎಂದು ಅವಳಿಗೂ ಗೊತ್ತಿತ್ತು. ಸಭೆಯಲ್ಲಿ ಎದ್ದು ನಿಂತು ಅವಳ ಪರ ಕೂಗಾಡಿದವನು ಮೈದುನ ಒಬ್ಬನೇ. ಹೊರಗೆ ಬಂದ ಮೇಲೆ ಮಾತ್ರ, "ಅತ್ತಿಗೆ, ನಾನಾಗಿದ್ರೆ ಕೊಡ್ತಿರಲಿಲ್ಲ. ಕೊಡಬೇಕು ಅಂತ ಹೊಳೀತಾನೂ ಇರಲಿಲ್ಲ," ಎಂದ.

ಎರಡು ಕಚೇರಿಗಳ ಕೆಲಸ ಕೈ ತಪ್ಪಿತು. ಬೀದಿಯ ಕೆಲವರು ಕೀ ಮಾಡಿಸಲು ಮೈದುನನ ಅಂಗಡಿಯವರೆಗೂ ನಡೆದು ಹೋಗತೊಡಗಿದರು. ಯಾವತ್ತೂ ಬಾರದಿದ್ದ ಕೆಲವರು ಬಂದರು. ಸುಮ್ಮನೆ ಬೀಗಗಳ ಬೆಲೆ ಕೇಳಿ, ಇನ್ನೇನೋ ಕೇಳಬೇಕೆಂದು ನಿಂತು, ಕೇಳದೆ ಹೋದರು.

ಸುದ್ದಿ ಮೂರನೇ ಮಹಡಿಗೂ ಮುಟ್ಟಿತು. ಸಂಪಾದಕಿ ತಾನೇ ಅಂಗಡಿಗೆ ಬಂದು, ಖಾಲಿ ಕೀಗಳ ಗೋಡೆಯ ಕೆಳಗೆ ಸ್ಟೂಲು ಹಾಕಿಕೊಂಡು ಕೂತಳು. ಮುಖ ಸಣ್ಣಗಾಗಿತ್ತು.

"ನಾನು ಹೇರ್‌ಪಿನ್ನಿಗೆ ಚಪ್ಪಾಳೆ ಹೊಡೆದೆ," ಎಂದಳು. "ಆ ಮರದ ಪುಡಿ, ಲೋಟ, ಅದನ್ನ ನೀವು ತೆಗೆದಾಗ ನನಗೆ ಗೊತ್ತೇ ಆಗಲಿಲ್ಲ. ಎರಡನೇ ಮುದ್ರಣಕ್ಕೆ ಹಳೇದನ್ನೆಲ್ಲ ವಾಪಸು ಹಾಕೋಣ. ಕೊನೆ ಅಧ್ಯಾಯ ನಿಜಾನೇ ಬರೀರಿ. ಬೀಗದವನನ್ನ ಹೆಂಗಸು ಮಾಡಿ."

"ಇನ್ನೇನು ಮುಚ್ಚಿಡೋದಿದೆ, ಬರೀತೀನಿ," ಎಂದಳು ಬೀಗದಕ್ಕ. ಈ ಸಲ ಎರಡೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದಳು. ಓದಿದ ಸಂಪಾದಕಿ ಫೋನ್ ಮಾಡಿದಳು.

"ಎಲ್ಲಾ ಸರಿಯಾಗಿದೆ. ಒಂದೇ ಒಂದು. ಕೀ ಕೈಗೆ ಸಿಕ್ಕಾಗ ಆ ಹೆಂಗಸಿಗೆ ಏನನ್ನಿಸಿತು? ಒಂದು ಸಾಲು ಸಾಕು."

"ನಾನು ಬಾಗಿಲಿನ ಈಚೆ ಇದ್ದೆ ಮೇಡಂ."

"ಊಹೆ ಮಾಡಿ. ಬರಹ ಅಂದ್ರೆ ಅದೇ ಅಲ್ವಾ?"

"ಬೇರೆ ಯಾರದ್ದಾದ್ರೂ ಮಾಡ್ತೀನಿ. ಇವರದ್ದು ಬೇಡ. ನಾನು ಊಹಿಸಿದ್ರೆ ಅದು ನನ್ನ ಮನಸ್ಸಾಗುತ್ತೆ, ಅವರದಾಗಲ್ಲ. ಕಂಡವರು ಇವರ ಬಾಗಿಲು ತೆಗೆದು ನೋಡಿದ್ದು ಇನ್ನು ಸಾಕು."

ಸಂಪಾದಕಿ "ಸರಿ, ಹಾಗೇ ಇರಲಿ," ಎಂದಳು. ಹಾಗೇ ಅಚ್ಚಾಯಿತು.

ಎರಡನೇ ಮುದ್ರಣ ಮೊದಲನೆಯದರಷ್ಟು ಓಡಲಿಲ್ಲ. ಹೇರ್‌ಪಿನ್ ಎಲ್ಲಿ ಹೋಯಿತು ಎಂದು ಕೇಳಿ ಓದುಗರು ಕಾಗದ ಬರೆದರು. ವರ್ಷ ತುಂಬಿದ ಮೇಲೆ ಸಂಘ ಅವಳ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ಬೀಗದಕ್ಕ ಆರನೆಯ ನೋಟ್‌ಬುಕ್ ಕೊಂಡು ಹೊಸದೊಂದನ್ನು ಶುರು ಮಾಡಿದ್ದಳು. ಮೊದಲ ಇಪ್ಪತ್ತು ಪುಟ ಓದಿ ಹೇಳಿದಾಗ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಕೂತಿದ್ದ ಅತ್ತೆ ಮುಖ ಸಿಂಡರಿಸಿದಳು.

"ಪತ್ತೇದಾರಿ ಅಂತೀಯ, ಈ ಸಲವಾದ್ರೂ ಒಬ್ಬರು ಸಾಯಲಿ ಕಣೇ. ಕೇಳೋಕೆ ಬೇಜಾರಾಗುತ್ತೆ."